ಗೊರಗುಂಟೆಪಾಳ್ಯದ ಈರುಳ್ಳಿ ಸುದ್ದಿ

ಎರಡು ಮೂರು ದಿನದಿಂದ ಅಡುಗೆಮನೆಯ ಮೂಲೆಯಲ್ಲಿ ಒಂದು ವಾಸನೆ. ಮೊದಲು ಮೋರಿಯದು ಎಂದುಕೊಂಡು ಬಿಸಿನೀರು ಸುರಿದೆ. ಹೋಗಲಿಲ್ಲ. ಆಮೇಲೆ ಪಕ್ಕದ ಮನೆಯದು ಎಂದು ತೀರ್ಮಾನಿಸಿದೆ. ದುರ್ವಾಸನೆಯ ವಿಷಯದಲ್ಲಿ ಪಕ್ಕದ ಮನೆಯಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಇವತ್ತು ಬೆಳಿಗ್ಗೆ ಒಗ್ಗರಣೆಗೆಂದು ಈರುಳ್ಳಿ ಬುಟ್ಟಿಗೆ ಕೈ ಹಾಕಿದರೆ ಬೆರಳು ಮೆತ್ತಗೆ ಒಳಗೆ ಇಳಿಯಿತು. ವಾಸನೆ ನಮ್ಮದೇ.

ಆದದ್ದು ಇಷ್ಟು. ಹೋದ ವಾರ ಫೋನು ‘ಈ ಬೆಲೆ ಇವತ್ತು ಮಾತ್ರ’ ಎಂದಿತು. ಪಕ್ಕದಲ್ಲೇ ಗಡಿಯಾರದ ಮುಳ್ಳು ಬೇರೆ ಓಡುತ್ತಿತ್ತು. ಅಷ್ಟು ಆತುರದಿಂದ ಹೇಳುವವರು ಸುಳ್ಳು ಹೇಳುವುದಿಲ್ಲ ಎಂದು ನಾನು ಐದು ಕೇಜಿ ತರಿಸಿದೆ. ಒಂದು ಈರುಳ್ಳಿ ಹೆಚ್ಚಿದರೆ ಅದರಲ್ಲಿ ಅರ್ಧ ಉಳಿಯುವ ಮನೆ ನಮ್ಮದು. ಮರುದಿನ ನೋಡಿದರೆ ಬೆಲೆ ಇನ್ನೂ ಇಳಿದಿತ್ತು, ಗಡಿಯಾರ ಹಾಗೇ ಓಡುತ್ತಿತ್ತು. ನಿಮಗೆ ಹೀಗೆ ಆಗಿಲ್ಲ ಎಂದರೆ ನಾನು ನಂಬುವುದಿಲ್ಲ. ಕೊಂಡ ಮರುದಿನ ಬೆಲೆ ನೋಡಬಾರದು ಎಂದು ನನ್ನ ಗಂಡ ಹೇಳುತ್ತಾರೆ. ಹೇಳಿ, ತಾವೇ ಮೊದಲು ನೋಡುತ್ತಾರೆ.

ಬೇರೆಯವರಿಗೆ ಸಂಪಿಗೆಯ ಪರಿಮಳದಿಂದಲೋ ಹೊಸ ಪುಸ್ತಕದ ಹಾಳೆಯಿಂದಲೋ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಕೊಳೆತ ಈರುಳ್ಳಿಯಿಂದ. ಏನು ಮಾಡುವುದು, ಅವರವರ ಯೋಗ್ಯತೆ. ಬುಟ್ಟಿ ಬೋರಲು ಹಾಕಿ, ಮೂಗು ತಿರುಗಿಸಿಕೊಂಡು, ಕೆಟ್ಟದ್ದು ಒಂದು ಕಡೆ ಒಳ್ಳೆಯದು ಒಂದು ಕಡೆ ಆರಿಸುತ್ತ ಕುಳಿತಾಗ ನಮ್ಮ ಅತ್ತೆ ನೆನಪಾದರು. ನೆನಪಾದರು ಎನ್ನುವುದಕ್ಕಿಂತ, ಅವರನ್ನು ಕಾಣಬೇಕೆಂದು ತುಂಬ ಆಸೆಯಾಯಿತು.

ನಾನು ಮದುವೆಯಾಗಿ ಮತ್ತಿಕೆರೆಗೆ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಗಂಡನಿಗೆ ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ. ಅತ್ತೆ ಗದಗಿನ ಕಡೆಯವರು. ಮಾವ ತೀರಿಕೊಂಡ ಮೇಲೆ ಮಗನೊಡನೆ ಬಂದು ನಿಂತಿದ್ದರು. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಐದಾರು ಮನೆಗಳ ವಠಾರ. ನಮ್ಮ ಎದುರು ಮನೆಯಲ್ಲಿ ಖೈರೂನಬಿ, ಆಕೆಯ ಗಂಡ ದರ್ಜಿ ಅನ್ವರ್ ಸಾಹೇಬರು, ಅವರ ಇಬ್ಬರು ಹೆಣ್ಣುಮಕ್ಕಳು. ಹೊಲಿಗೆ ಯಂತ್ರದ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದು ವಠಾರಕ್ಕೆಲ್ಲ ತಿಳಿಯುತ್ತಿತ್ತು.

ನನ್ನ ತವರಿನಲ್ಲಿ ಅಪ್ಪ ತಿಂಗಳ ಮೊದಲ ವಾರ ಅಂಗಡಿಗೆ ಚೀಟಿ ಕಳುಹಿಸುತ್ತಿದ್ದರು, ಸಾಮಾನು ಬರುತ್ತಿತ್ತು. ಬೆಲೆ ಕೇಳುವ ಪದ್ಧತಿ ಇರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದೋ, ಕೇಳಿದರೆ ಎದೆ ಹಿಡಿದುಕೊಳ್ಳಬೇಕಾದೀತು ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೀಗೆ ಬೆಳೆದು ಬಂದವಳು ಅತ್ತೆಯ ಕೈಗೆ ಸಿಕ್ಕಿದೆ. ಬಂದ ಹೊಸದರಲ್ಲಿ ಒಂದು ದಿನ ಮನೆಯಲ್ಲಿ ಹುಣಸೆಹಣ್ಣು ಮುಗಿದಿದೆ ಎಂದು ಬೀದಿ ಕೊನೆಯ ಅಂಗಡಿಯಿಂದ ಒಂದಷ್ಟು ಕಟ್ಟಿಸಿಕೊಂಡು ಬಂದೆ. ಅತ್ತೆ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ, ಬೈಯಲಿಲ್ಲ, ಬಹಳ ಮರುಕದಿಂದ ಕೇಳಿದರು: “ಹಬ್ಬದ ಮುಂದ ಯಾರರ ಹುಣಸಿಹಣ್ಣ ತರತಾರೇನವಾ?”

ಆಗಿನ ಬೆಲೆಗಳ ಸ್ವಭಾವವನ್ನು ಈಗಿನವರಿಗೆ ಸ್ವಲ್ಪ ಹೇಳಬೇಕು. ಸಕ್ಕರೆ ಒಂದು ವರ್ಷ ಮುಖವನ್ನೇ ತೋರಿಸದೆ ಮೆರೆಯುತ್ತಿತ್ತು. ಇನ್ನೊಂದು ವರ್ಷ ಅಂಗಡಿಯವರೇ ಕರೆದು ಕೊಡುತ್ತಿದ್ದರು. ಕಡಲೆಕಾಯಿ ಎಣ್ಣೆಗೆ ಹಬ್ಬದ ವಾಸನೆ ಬಡಿದರೆ ಸಾಕು, ಮೇಲಕ್ಕೆ ಹೋಗುತ್ತಿತ್ತು. ಅಂಗಡಿಗಳ ಮುಂದೆ ಒಂದು ಸ್ಲೇಟು ತೂಗುಹಾಕಿರುತ್ತಿದ್ದರು. ಬೆಳಿಗ್ಗೆ ಬರೆದ ಬೆಲೆಯನ್ನು ನಮ್ಮ ಬೀದಿಯ ಶೆಟ್ಟರು ಸಂಜೆ ಹೆಬ್ಬೆರಳಿಗೆ ಎಂಜಲು ಮುಟ್ಟಿಸಿ ಅಳಿಸಿ ಹೊಸದು ಬರೆಯುತ್ತಿದ್ದರು. ಅವರ ಹೆಬ್ಬೆರಳು ಬಾಯಿಯ ಕಡೆಗೆ ಹೋಗುವುದನ್ನು ಕಂಡರೆ ಅಂಗಡಿ ಮುಂದೆ ನಿಂತ ಹೆಂಗಸರೆಲ್ಲ ಸುಮ್ಮನಾಗುತ್ತಿದ್ದರು.

ಈ ಏರಿಳಿತದಲ್ಲಿ ಅತ್ತೆಗೆ ಅದ್ಭುತವಾದ ಉತ್ಸಾಹವಿತ್ತು. ಬೇಸಿಗೆಯಲ್ಲಿ ಒಣಮೆಣಸಿನಕಾಯಿ, ಹೊಸ ಹುಣಸೆ, ತೊಗರಿಬೇಳೆ, ಬೆಳ್ಳುಳ್ಳಿ. ಒಂದೊಂದಕ್ಕೂ ಒಂದೊಂದು ಹೊತ್ತು. ವಠಾರದವರು ಅವರ ಬಾಯಿ ನೋಡುತ್ತ ಕಾಯುತ್ತಿದ್ದರು. ಅತ್ತೆ “ತಡೀರಿ” ಎಂದರೆ ಯಾರೂ ಕೊಳ್ಳುವ ಹಾಗಿಲ್ಲ. “ಹೂಂ, ಏಳ್ರಿ” ಎಂದರೆ ಎಲ್ಲರೂ ಚೀಲ ಹಿಡಿದು ಯಶವಂತಪುರಕ್ಕೆ ಹೊರಡಬೇಕು, ಒಟ್ಟಿಗೆ ಮೂಟೆ ಕೊಂಡು ಅಂಗಳದಲ್ಲಿ ಹಂಚಿಕೊಳ್ಳಬೇಕು. ಅವರ ಅಂದಾಜು ಹೆಚ್ಚು ಸಲ ಸರಿಹೋಗುತ್ತಿತ್ತು. ಸರಿಹೋದ ದಿನ ಅವರ ನಡಿಗೆಯೇ ಬೇರೆ. ವಿನಯ ಎಂಬುದು ಅವರ ಬಳಿ ಇರಲಿಲ್ಲ, ಇದ್ದಿದ್ದರೆ ನನಗೆ ಅವರು ಅಷ್ಟು ಇಷ್ಟವಾಗುತ್ತಿರಲಿಲ್ಲ.

ತಪ್ಪುವುದೂ ಇತ್ತು. ಪ್ರೆಷರ್ ಕುಕ್ಕರ್ ವಿಷಯ ಹೇಳಿದರೆ ನೀವು ನಗುತ್ತೀರಿ. ಬೆಲೆ ಇಳಿಯಲಿ ಎಂದು ಅವರು ಅದಕ್ಕೂ ಕಾದರು. ಒಂದು ಯುಗಾದಿ ಹೋಯಿತು, ಇನ್ನೊಂದು ಹೋಯಿತು, ಕುಕ್ಕರ್ ಏರುತ್ತಲೇ ಇತ್ತು, ನಾವು ಸೌದೆ ಒಲೆಯಲ್ಲಿ ಬೇಳೆ ಬೇಯಿಸುತ್ತಲೇ ಇದ್ದೆವು. ಕೊನೆಗೆ ಅತ್ತೆ ಒಂದು ದಿನ ತಮ್ಮಷ್ಟಕ್ಕೆ ಹೇಳಿಕೊಂಡರು: “ಮಣ್ಣಾಗ ಬೆಳದಿದ್ದು ಏರತೈತಿ, ಇಳಿತೈತಿ. ಕಾರ್ಖಾನ್ಯಾಗ ಮಾಡಿದ್ದಕ್ಕ ಬರೇ ಏರೂದಷ್ಟ ಗೊತ್ತು.” ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ಅಪರಾಧಿಯಂತೆ ತಲೆ ತಗ್ಗಿಸಿ ಮರುದಿನವೇ ಕುಕ್ಕರ್ ತಂದ. ಅದರ ಮೊದಲ ಸೀಟಿಗೆ ಅತ್ತೆ ಅಡುಗೆಮನೆಯಿಂದ ಅಂಗಳಕ್ಕೆ ಓಡಿಹೋದದ್ದನ್ನು ಅವರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ಅಂದಾಜನ್ನು ಅವರು ಎಲ್ಲಿಂದ ತರುತ್ತಿದ್ದರು ಎಂಬುದು ನನಗೆ ಒಂದೆರಡು ವರ್ಷ ತಿಳಿಯಲಿಲ್ಲ. ಬೆಳಗ್ಗೆ ರೊಟ್ಟಿ ಬಡಿದಿಟ್ಟು “ಸ್ವಲ್ಪ ಅಡ್ಡಾಡಿ ಬರ್ತೀನಿ” ಎಂದು ಹೋಗುತ್ತಿದ್ದರು. ದೇವಸ್ಥಾನಕ್ಕೆ ಎಂದು ನಾನು ತಿಳಿದಿದ್ದೆ. ಒಂದು ದಿನ “ನೀನೂ ಬಾ” ಎಂದರು. ಹೋದೆ. ದೇವಸ್ಥಾನ ದಾಟಿತು, ಯಶವಂತಪುರ ದಾಟಿತು, ನನ್ನ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಉರಿಯತೊಡಗಿತು, ಅತ್ತೆ ನಡೆಯುತ್ತಲೇ ಇದ್ದರು. ಕೊನೆಗೆ ನಿಂತದ್ದು ಗೊರಗುಂಟೆಪಾಳ್ಯದಲ್ಲಿ, ತುಮಕೂರು ರಸ್ತೆಯ ಬದಿಯ ಒಂದು ಚಹಾದಂಗಡಿಯ ಮುಂದೆ.

ಪೇಟೆಯ ಸಗಟು ಮಂಡಿಗಳು ಒಂದೊಂದಾಗಿ ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಬಂದು ಕೂಡುತ್ತಿದ್ದ ಕಾಲ ಅದು. ಚಿತ್ರದುರ್ಗ, ಹುಬ್ಬಳ್ಳಿ, ಗದಗಿನ ಕಡೆಯಿಂದ ಮಾಲು ತುಂಬಿದ ಲಾರಿಗಳು ರಾತ್ರಿಯಿಡೀ ಓಡಿ ಬಂದು, ಯಾರ್ಡು ಸೇರುವ ಮೊದಲು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಡ್ರೈವರುಗಳು ಮುಖ ತೊಳೆದು ಚಹಾ ಕುಡಿಯುತ್ತಿದ್ದರು. ಅತ್ತೆ ಸೆರಗು ಬಿಗಿಮಾಡಿಕೊಂಡು ಲಾರಿಗಳ ನಡುವೆ ಹೊರಟರು. ಒಂದರ ಟಾರ್ಪಾಲು ಮುಟ್ಟಿ ನೋಡಿದರು. ಇನ್ನೊಂದರ ಗಾಲಿಗೆ ಮೆತ್ತಿದ ಮಣ್ಣನ್ನು ಕಾಲಿನಿಂದ ಕೆದಕಿದರು. ಚಹಾ ಕುಡಿಯುತ್ತಿದ್ದವನ ಮುಂದೆ ನಿಂತು ಕೇಳಿದರು: “ಯಾವೂರಿಂದ ಬಂದ್ಯೋ ತಮ್ಮಾ? ಹಾದ್ಯಾಗ ಮಳಿ ಸಿಕ್ತೇನು?”

ಟಾರ್ಪಾಲು ಒದ್ದೆಯಿದ್ದರೆ ಕಾಳು ಬೇಳೆ ನೆನೆದಿರುತ್ತದೆ, ಕೊಂಡರೆ ಮುಗ್ಗಲು. ಒಣಗಿದ್ದರೆ, ಲಾರಿಗಳ ಸಾಲು ಉದ್ದವಿದ್ದರೆ, ಮಾಲು ಬೇಕಾದಷ್ಟಿದೆ, ಇನ್ನೂ ಇಳಿಯುತ್ತದೆ. ಅವರ ಲೆಕ್ಕ ಅಷ್ಟೇ. ಆದರೆ ಅವರನ್ನು ನೋಡುತ್ತ ನಿಂತ ನನಗೆ ಇನ್ನೊಂದೂ ಕಂಡಿತು. ಮನೆಯಲ್ಲಿ ನನ್ನ ಮಾತು, ಬೀದಿಯ ಮಾತು, ಬಸ್ಸಿನ ಮಾತು ಎಲ್ಲವನ್ನೂ ಒಂದು ಕ್ಷಣ ತಡೆದು ಅರ್ಥಮಾಡಿಕೊಳ್ಳುತ್ತಿದ್ದ ಅತ್ತೆ, ಅಲ್ಲಿ ತಡೆಯದೆ ಹರಟುತ್ತಿದ್ದರು. ನಡುನಡುವೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆ ನಗುವನ್ನು ನಾನು ಮತ್ತಿಕೆರೆಯಲ್ಲಿ ಕೇಳಿಯೇ ಇರಲಿಲ್ಲ.

ಇನ್ನು ಖೈರೂನಬಿಯ ವಿಷಯಕ್ಕೆ ಬರುತ್ತೇನೆ. ಎಂಬತ್ತರ ದಶಕದ ನಡುವೆ ಒಂದು ವರ್ಷ ಆಕೆಯ ದೊಡ್ಡ ಮಗಳು ಶಾಹಿದಾಗೆ ಮದುವೆ ಗೊತ್ತಾಯಿತು. ದೀಪಾವಳಿ ಕಳೆದ ಮೇಲೆ ನಿಕಾಹ್. ಗಂಡಿನ ಕಡೆಯವರು ಅನುಕೂಲಸ್ಥರು, ಜನ ದೊಡ್ಡದು. ಬಿರಿಯಾನಿಗೆ ಅಕ್ಕಿ ಎಷ್ಟು ಮುಖ್ಯವೋ ಈರುಳ್ಳಿಯೂ ಅಷ್ಟೇ ಮುಖ್ಯ ಎಂದು ನನಗೆ ಗೊತ್ತಾದದ್ದು ಆಗ. ನಾಲ್ಕೈದು ಮೂಟೆ ಬೇಕಿತ್ತು. ಅನ್ವರ್ ಸಾಹೇಬರು ದಸರೆಗೆ ಮೊದಲೇ ಕೊಂಡುಬಿಡೋಣ ಎಂದರು. ಖೈರೂನಬಿ ಎದುರು ಮನೆಗೆ, ಎಂದರೆ ಅತ್ತೆಯ ಬಳಿಗೆ ಬಂದರು.

“ಅಕ್ಕ, ಈಗ್ಲೇ ತಗೋಬೇಕಾ, ಇಲ್ಲ ಕಾಯೋಣ್ವಾ? ನೀವ್ ಹೇಳ್ದಂಗೆ.”

ಅತ್ತೆಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವರು ಕೂಡಲೇ ಉತ್ತರ ಹೇಳಲಿಲ್ಲ. ಮರುದಿನ ಗೊರಗುಂಟೆಪಾಳ್ಯಕ್ಕೆ ಹೋದರು, ನಾನೂ ಹೋದೆ. ಆ ದಿನ ಸಿಕ್ಕವನು ಅವರ ಊರಿನ ಪಕ್ಕದ ಊರಿನ ಡ್ರೈವರ್, ಬಸಪ್ಪ ಎಂದು ಹೆಸರು. ಮಾತಿಗೆ ಮಾತು ಬೆಳೆದು, ಅತ್ತೆಯ ತಮ್ಮನ ಹೊಲದ ಬದುವಿನ ಬೇವಿನ ಮರದವರೆಗೂ ಹೋಯಿತು. ಆಮೇಲೆ ಅತ್ತೆ ಈರುಳ್ಳಿ ಬೆಳೆಯ ಮಾತು ತೆಗೆದರು: “ನಮ್ಮ ಕಡೆ ಹೆಂಗೈತೋ ತಮ್ಮಾ, ಉಳ್ಳಾಗಡ್ಡಿ?”

“ಭಾಳ ಛಲೋ ಆಗೇತ್ರಿ ಯವ್ವಾ,” ಎಂದ ಬಸಪ್ಪ. “ಹೊಲದಾಗ ಕಾಲಿಡಾಕ ಜಾಗಾ ಇಲ್ಲ ನೋಡ್ರಿ.”

ಮನೆಗೆ ಬರುವವರೆಗೂ ಅತ್ತೆಯ ಮುಖ ಬೆಳಗಿತ್ತು. ವಠಾರಕ್ಕೆ ಕಾಲಿಡುತ್ತಲೇ ಎದುರು ಬಾಗಿಲಿಗೆ ಕೇಳುವಂತೆ ಹೇಳಿದರು: “ತಡಿ ಖೈರೂ. ದಸರಾ ಆಗಲಿ. ಹೊಸ ಮಾಲು ಬಂದು ಬೀಳತೈತಿ.”

ಖೈರೂನಬಿ ತಡೆದರು. ದಸರಾ ಆಯಿತು. ಹೊಸ ಮಾಲು ಬರಲಿಲ್ಲ. ಶೆಟ್ಟರ ಹೆಬ್ಬೆರಳಿಗೆ ಬಿಡುವಿಲ್ಲದಾಯಿತು. ಇವತ್ತು ಏರಿದ್ದು ನಾಳೆ ಇಳಿಯುತ್ತದೆ ಎಂದು ಮೊದಲು ನಾವೆಲ್ಲ ಅಂದುಕೊಂಡೆವು. ದೀಪಾವಳಿಯ ಹೊತ್ತಿಗೆ ಈರುಳ್ಳಿ ಎಲ್ಲಿಗೆ ಹೋಗಿತ್ತೆಂದರೆ ಹೋಟೆಲಿನವರು ಬೋಂಡಾಕ್ಕೆ ಎಲೆಕೋಸು ಹಾಕತೊಡಗಿದ್ದರು. ಅನ್ವರ್ ಸಾಹೇಬರ ಹೊಲಿಗೆ ಯಂತ್ರ ಊಟದ ಹೊತ್ತಿನಲ್ಲೂ ನಿಲ್ಲುತ್ತಿರಲಿಲ್ಲ. ಅಕ್ಕಿಗೆ, ಮಾಂಸಕ್ಕೆ, ಬಟ್ಟೆಗೆ ಹೋದದ್ದು ಹೋಗಿ, ಈರುಳ್ಳಿಗೆಂದು ಎತ್ತಿಟ್ಟದ್ದು ಈಗ ಅರ್ಧಕ್ಕೂ ಸಾಲುತ್ತಿರಲಿಲ್ಲ. ಗಂಡಿನ ಕಡೆಯವರಿಗೆ ಮಾತ್ರ ಊಟ ಹಾಕಿ, ನಮ್ಮವರಿಗೆ, ಬೀದಿಯವರಿಗೆ ಷರಬತ್ತು ಕೊಟ್ಟು ಕಳಿಸೋಣ ಎಂದು ಗಂಡ ಹೆಂಡತಿ ಮೆಲ್ಲಗೆ ಮಾತಾಡಿಕೊಂಡದ್ದು ಅಂಗಳದಾಚೆಗೆ ನಮಗೂ ಕೇಳಿಸಿತು. ಮಗಳ ಮದುವೆಗೆ ಕರೆದವರನ್ನು ಉಣ್ಣಿಸದೆ ಕಳಿಸುವುದೆಂದರೆ ಆ ಮನೆಗೆ ಏನು ಎಂದು ವಠಾರದಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಆದರೂ ಖೈರೂನಬಿ ಅತ್ತೆಯನ್ನು ಒಂದು ಮಾತು ಕೇಳಲಿಲ್ಲ. ಎದುರಾದರೆ ಎಂದಿನ ಹಾಗೇ ನಗುತ್ತಿದ್ದರು. ಬೈದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತು.

ಅತ್ತೆ ಮತ್ತೆ ಗೊರಗುಂಟೆಪಾಳ್ಯಕ್ಕೆ ಹೋದರು. ಈ ಸಲ ಒಬ್ಬರೇ. ಬಂದವರು ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೆ ಕುಳಿತರು. ಅವರ ಕಡೆ ಕಿತ್ತ ಈರುಳ್ಳಿ ಹೊಲದಲ್ಲೇ ಇರುವಾಗ ಮಳೆ ಹಿಡಿದು, ಬಿಡದೆ ಹೊಯ್ದು, ಬಹಳಷ್ಟು ಅಲ್ಲೇ ಕೊಳೆತಿತ್ತು. ಬಸಪ್ಪ ಬಂದು ಹೋದಾಗಲೇ ಆ ಮಳೆ ಶುರುವಾಗಿತ್ತಂತೆ. ನನಗೆ ಮೈಯೆಲ್ಲ ಉರಿಯಿತು.

“ಅಂಥ ಸುಳ್ಳು ಯಾಕೆ ಹೇಳಿದ ಅವನು? ಸಿಗಲಿ, ನಾನೇ ಕೇಳ್ತೀನಿ,” ಎಂದೆ.

ಅತ್ತೆ ಆಗ ಚಪ್ಪಲಿ ಬಿಟ್ಟು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು: “ನಾ ಅಂವಗ ಏನಂತ ಕೇಳಿದ್ನಿ, ನೆನಪೈತೇನು? ‘ನಮ್ಮ ಕಡೆ ಹೆಂಗೈತಿ’ ಅಂದ್ನಿ. ಪರಊರಾಗ ಕುಂತ ಮುದುಕಿ ಹಂಗ ಕೇಳಿದ್ರ, ಯಾವ ಮಗಾ ಕೆಟ್ಟೈತಿ ಅಂತಾನವಾ? ನಾ ಬೆಲಿ ಕೇಳಾಕ ಹೋಗಿದ್ನಿ. ಊರು ಕೇಳಿ ಬಂದ್ನಿ.”

ಇಷ್ಟು ವರ್ಷ ಟಾರ್ಪಾಲು ಮುಟ್ಟಿ, ಮಣ್ಣು ಕೆದಕಿ, ತನ್ನ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿದ್ದ ಹೆಂಗಸು, ತವರಿನ ಮಾತು ಕಿವಿಗೆ ಬಿದ್ದ ಒಂದು ದಿನ ಮುಟ್ಟುವುದನ್ನೇ ಮರೆತಿದ್ದರು. ನಾನು ಪಕ್ಕದಲ್ಲೇ ಇದ್ದೆ, ನನಗೂ ಹೊಳೆದಿರಲಿಲ್ಲ. ಅವರು ನಗುತ್ತಿದ್ದುದನ್ನು ನೋಡುತ್ತ ನಿಂತಿದ್ದೆ.

ನಾನಾಗಿದ್ದರೆ ಅವತ್ತು ತಲೆನೋವು ಎಂದು ಕೌದಿ ಎಳೆದುಕೊಂಡು ಮಲಗುತ್ತಿದ್ದೆ, ಮದುವೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಅತ್ತೆ ಎದ್ದು ಮುಖ ತೊಳೆದು ನೇರ ಎದುರು ಮನೆಗೆ ಹೋದರು. ಅನ್ವರ್ ಸಾಹೇಬರು ಯಂತ್ರ ನಿಲ್ಲಿಸಿದರು.

“ತಪ್ಪಾತು ಖೈರೂ,” ಎಂದರು ಅತ್ತೆ, ಬಾಗಿಲಲ್ಲೇ ನಿಂತು. “ನನ್ನ ಮಾತು ಕೇಳಿ ನೀ ಸುಮ್ಮನ ಕುಂತಿ. ನಿನ್ನ ಗಂಡ ಅಂದಿದ್ದ ಖರೆ ಇತ್ತು.”

“ಬಿಡಿ ಅಕ್ಕ, ಯಾರಿಗ್ ಗೊತ್ತಿತ್ತು,” ಎಂದರು ಖೈರೂನಬಿ.

“ಬಿಡಾಕ ಬಂದಿಲ್ಲ. ಇನ್ನೊಂದು ಕೇಳಾಕ ಬಂದೀನಿ.” ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಇನ್ನೂ ತಡಿ ಅಂದ್ರ ತಡೀತೀಯೇನು? ಮದುವಿ ಹಿಂದಿನ ದಿನದ ತನಕ?”

ಅನ್ವರ್ ಸಾಹೇಬರು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಒಳ್ಳೆಯ ಮನುಷ್ಯ, ಎಂದೂ ದನಿ ಏರಿಸಿದವರಲ್ಲ. “ಅಮ್ಮ, ಹಿಂದಿನ ದಿನನೂ ಸಿಗ್ಲಿಲ್ಲ ಅಂದ್ರೆ ನಾನು ಬೀಗರ ಮುಂದೆ ಹೆಂಗ್ ನಿಂತ್ಕೊಳ್ಳಿ?”

ಅತ್ತೆ ಹೇಳಿದ್ದು ಇಷ್ಟು. ನೆನೆದ ಈರುಳ್ಳಿಯನ್ನು ರೈತ ಇಟ್ಟುಕೊಳ್ಳುವ ಹಾಗಿಲ್ಲ. ಮಳೆ ಬಿಟ್ಟ ಕೂಡಲೇ ಸಿಕ್ಕಷ್ಟು ತುಂಬಿ ಲಾರಿ ಹತ್ತಿಸುತ್ತಾನೆ. ಅಂಥ ಮಾಲು ಯಾರ್ಡಿಗೆ ಬಂದರೆ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ, ಎರಡು ದಿನದಲ್ಲಿ ಕೊಳೆಯುತ್ತದೆ ಎಂದು. “ಅವರಿಗೆ ತಿಂಗಳಗಟ್ಲೆ ಇಡೋ ಮಾಲು ಬೇಕು. ನಮಗ್ಯಾಕ ಬೇಕು? ಮದುವಿ ಉಳ್ಳಾಗಡ್ಡಿ ಒಂದು ದಿನ ಬಾಳಿದ್ರ ಸಾಕು.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆ ಕ್ಷಣ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಸಲ ತಪ್ಪಿದವರು ಅದೇ ಬಾಗಿಲಲ್ಲಿ ನಿಂತು ಅದೇ ಮಾತನ್ನು ಇನ್ನೊಂದು ಸಲ ಹೇಳುತ್ತಿದ್ದರು. ಇದಕ್ಕೆ ಎಂಟೆದೆ ಬೇಕು. ಹೂಂ ಎನ್ನುವುದಕ್ಕೆ ಇನ್ನೂ ದೊಡ್ಡ ಎದೆ ಬೇಕು. ಖೈರೂನಬಿ ಹೂಂ ಎಂದರು.

ಮುಂದಿನ ದಿನಗಳಲ್ಲಿ ಅತ್ತೆ ದಿನವೂ ಬೆಳಗ್ಗೆ ಗೊರಗುಂಟೆಪಾಳ್ಯಕ್ಕೆ ಹೋಗಿ ಬರುತ್ತಿದ್ದರು. ಯಾರ ಜೊತೆಯೂ ಮಾತಾಡುತ್ತಿರಲಿಲ್ಲವಂತೆ. ತುತ್ತು ಕಡಿಮೆಯಾಯಿತು. ಮನೆಯಲ್ಲಿ ನಾನು ಬೇಕೆಂದೇ ಈರುಳ್ಳಿ ಇಲ್ಲದ ಅಡುಗೆ ಮಾಡುತ್ತಿದ್ದೆ, ಅದೂ ಅವರಿಗೆ ತಿಳಿಯುತ್ತಿತ್ತು. ಮದುವೆಗೆ ಎರಡು ದಿನ ಉಳಿದಾಗಲೂ ಲಾರಿ ಬರಲಿಲ್ಲ. ಶಾಹಿದಾಗೆ ಮೆಹಂದಿ ಹಚ್ಚುತ್ತಿದ್ದರು; ಅತ್ತೆ ಅತ್ತ ಹೋಗಿ ನೋಡುವ ಧೈರ್ಯ ಮಾಡಲಿಲ್ಲ.

ಮದುವೆಯ ಹಿಂದಿನ ದಿನ ನಾನೂ ಖೈರೂನಬಿಯೂ ಅತ್ತೆಯ ಜೊತೆಗೆ ಹೊರಟೆವು. ರಸ್ತೆ ಬದಿಯಲ್ಲಿ ಮೂರು ಲಾರಿ ನಿಂತಿದ್ದವು. ಅತ್ತೆ ಮೊದಲನೆಯದರ ಟಾರ್ಪಾಲು ಮುಟ್ಟಿದರು, ಮುಂದೆ ಹೋದರು. ಎರಡನೆಯದು ಮುಟ್ಟಿ ಅಂಗೈ ನೋಡಿಕೊಂಡರು. ಅಂಗೈ ನೆನೆದಿತ್ತು. ಬಗ್ಗಿ ಮೂಟೆಯ ಸಂದಿಗೆ ಮೂಗು ಹಿಡಿದರು. ನಮ್ಮ ಅಡುಗೆಮನೆಯಲ್ಲಿ ಇವತ್ತು ಬಂದಂಥದೇ ವಾಸನೆ, ಅಷ್ಟು ಜೋರಾಗಿರಲಿಲ್ಲ. ಅತ್ತೆಯ ಮುಖ ಹೂವು ಮೂಸಿದವರ ಹಾಗಾಯಿತು.

“ಏಳ್ರಿ,” ಎಂದರು.

ಆ ಲಾರಿಯ ಹಿಂದೆಯೇ ನಾವು ಯಾರ್ಡಿಗೆ ಓಡಿದೆವು. ಓಡಿದೆವು ಎಂದರೆ ಅತ್ತೆ ಓಡಿದರು, ನಾನು ಕುಂಟಿದೆ. ಮೂಟೆ ಇಳಿಸಿದ ಹಮಾಲರೇ ಮುಖ ಸಿಂಡರಿಸಿದರು. ಹರಾಜಿಗೆ ನಿಂತ ವ್ಯಾಪಾರಿಗಳು ಒಂದು ಗೆಡ್ಡೆ ಒತ್ತಿ ನೋಡಿ, ಕೈ ಒರೆಸಿಕೊಂಡು ಮುಂದೆ ನಡೆದರು. ಮಂಡಿಯವರು ಯಾರಾದರೂ ಕೇಳಿದರೆ ಸಾಕು ಎಂದು ಕಾಯುತ್ತಿದ್ದರು. ಅತ್ತೆ ಕೇಳಿದರು. ಅವರ ಜೊತೆ ಚೌಕಾಸಿ ಮಾಡಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಮಂಡಿಯವರ ಮೇಲೆ ನನಗೆ ಇವತ್ತಿಗೂ ಕನಿಕರವಿದೆ. ಬೇಕಾದ್ದಕ್ಕಿಂತ ಎರಡು ಮೂಟೆ ಹೆಚ್ಚೇ ಎತ್ತಿನ ಗಾಡಿ ಏರಿತು, ಆರಿಸಿ ಎಸೆಯುವುದಕ್ಕೆ ಇರಲಿ ಎಂದು.

ಅಂಗಳದ ತುಂಬ ಈರುಳ್ಳಿ ಸುರಿದೆವು. ವಠಾರದ ಹೆಂಗಸರೆಲ್ಲ ಕತ್ತಿ, ಈಳಿಗೆಮಣೆ ತಂದು ಕುಳಿತರು. ಕೆಟ್ಟದ್ದನ್ನು ಕಿತ್ತು, ಚೆನ್ನಾಗಿದ್ದ ಭಾಗ ಉಳಿಸಿ, ಸಿಪ್ಪೆ ಸುಲಿದು, ಹಳೆಯ ಸೀರೆಗಳ ಮೇಲೆ ಹರಡಿ ಬಿಸಿಲಿಗೆ ಹಾಕಿದೆವು. ಅಡುಗೆಗೆ ಬಂದ ಬಾವರ್ಚಿ ಒಂದು ಹೋಳು ಹಿಂಡಿ ನೋಡಿ, “ಏನಮ್ಮ ಇದು, ಬರೀ ನೀರು. ಕೆಂಪಗಾಗೋಕೆ ನಾಳೆ ಸಂಜೆ ಆಗುತ್ತೆ,” ಎಂದ.

“ಅದಕ್ಕ ಇವತ್ತ ಹುರಿಯಾಕ ಹತ್ತು,” ಎಂದರು ಅತ್ತೆ.

ಕಣ್ಣಲ್ಲಿ ನೀರು ಸುರಿಸದವರು ಯಾರೂ ಇರಲಿಲ್ಲ. ಮದುವಣಗಿತ್ತಿಯನ್ನು ಕಳಿಸುವ ಅಳುವನ್ನು ನಾವು ಒಂದು ದಿನ ಮೊದಲೇ ಅತ್ತು ಮುಗಿಸಿದೆವು. ಮಾಂಸ ಮುಟ್ಟದ ಅತ್ತೆ, ತಾವು ತಿನ್ನದ ಬಿರಿಯಾನಿಗೆ ಎಲ್ಲರಿಗಿಂತ ಹೆಚ್ಚು ಹೆಚ್ಚಿದರು. ಯಾರೋ ತಮಾಷೆ ಮಾಡಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, “ಉಳ್ಳಾಗಡ್ಡಿ ತನಕ ನಂದು, ಮುಂದಿಂದು ಖೈರೂಂದು,” ಎಂದರು. ಮರುದಿನ ಕರೆದವರೆಲ್ಲ ಬಂದರು, ಎಲ್ಲರೂ ಉಂಡರು. ಗಂಡಿನ ಕಡೆಯ ಹಿರಿಯರೊಬ್ಬರು ಈ ಕಾಲದಲ್ಲೂ ಈರುಳ್ಳಿಗೆ ಕೈ ಹಿಡಿದಿಲ್ಲ ಎಂದು ಅನ್ವರ್ ಸಾಹೇಬರ ಬೆನ್ನು ತಟ್ಟಿದರಂತೆ. ಸಾಹೇಬರು ತಿರುಗಿ ನಮ್ಮ ಬಾಗಿಲ ಕಡೆ ನೋಡಿದರು. ಅತ್ತೆ ಒಳಗೆ ಮೊಸರನ್ನ ಉಣ್ಣುತ್ತಿದ್ದರು, ಅಂಗೈಯಲ್ಲಿ ಕತ್ತಿಯ ಗಾಯಕ್ಕೆ ಅರಿಶಿನ ಮೆತ್ತಿಕೊಂಡು.

ಕೆಲವು ವಾರಗಳಾದ ಮೇಲೆ ಗೊರಗುಂಟೆಪಾಳ್ಯದಲ್ಲಿ ಬಸಪ್ಪ ಸಿಕ್ಕ. ನಾನು ಅವನಿಗೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅತ್ತೆ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಅವನ ಕೈಗಿಟ್ಟು ಕೇಳಿದರು: “ಊರಾಗ ಎಲ್ಲಾರೂ ಅರಾಮೇನೋ ತಮ್ಮಾ?” ಎಲ್ಲರೂ ಅರಾಮ ಎಂದ ಅವನು. ಅತ್ತೆ ತಲೆಯಾಡಿಸಿ, ಆಮೇಲೆ ಅವನ ಲಾರಿಯ ಟಾರ್ಪಾಲು ಮುಟ್ಟಿ ನೋಡಿದರು. ಅಲ್ಲಿಂದ ಮುಂದೆ ಅವರು ಎರಡು ಕೆಲಸವನ್ನೂ ಬೇರೆ ಬೇರೆಯಾಗಿಯೇ ಮಾಡಿದರು.

ವಠಾರದವರು ಆ ಮದುವೆಯನ್ನು ಅತ್ತೆಯ ದೊಡ್ಡ ಗೆಲುವೆಂದು ವರ್ಷಗಟ್ಟಲೆ ಹೇಳಿಕೊಂಡರು. ಅತ್ತೆ ಮಾತ್ರ ಅದನ್ನು ಸೋಲಿನ ಲೆಕ್ಕಕ್ಕೇ ಹಾಕಿದ್ದರು. ಒಣ ಈರುಳ್ಳಿಯನ್ನು ಒಳ್ಳೆಯ ಬೆಲೆಗೆ ಕೊಡಿಸಬೇಕಾದವಳು ಕೊಳೆತದ್ದನ್ನು ಹೆಕ್ಕಿಸಿದೆ ಎಂದು ಅವರ ನೋವು. ಯಾರಾದರೂ ಕೊಳ್ಳಲೋ ಕಾಯಲೋ ಎಂದು ಕೇಳಲು ಬಂದರೆ, ಮೊದಲಿನ ಹಾಗೆ ಉಬ್ಬುತ್ತಿರಲಿಲ್ಲ. “ಶೆಟ್ಟರನ್ನ ಕೇಳ್ರಿ,” ಎಂದು ಸಾಗಹಾಕುತ್ತಿದ್ದರು. ನನಗೆ ಅವರ ಹಳೆಯ ಜಂಬವೇ ವಾಸಿ ಎನಿಸುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಮೊದಲು ಖೈರೂನಬಿಯ ಚಿಕ್ಕ ಮಗಳಿಗೂ ಮದುವೆ ಕೂಡಿಬಂತು. ಆ ಹೊತ್ತಿಗೆ ಅತ್ತೆಗೆ ಮಂಡಿ ನೋವು, ಬೀದಿ ಕೊನೆಯವರೆಗೆ ಹೋಗುವುದೇ ಕಷ್ಟ. ಒಂದು ಮಧ್ಯಾಹ್ನ ಖೈರೂನಬಿ ಬಂದು ಅವರ ಮಂಚದ ಪಕ್ಕ ನೆಲದ ಮೇಲೆ ಕುಳಿತರು.

“ಅಕ್ಕ, ಈರುಳ್ಳಿ ಯಾವಾಗ ತಗೊಳ್ಳಿ?”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. “ಹೋದ ಸಲ ನನ್ನ ಕೇಳಿ ಏನಾತು ಮರತ್ಯೇನು? ಈಗ ನನಗ ಹೋಗಿ ನೋಡಾಕೂ ಆಗೂದಿಲ್ಲ. ತಪ್ಪಿದ್ರ?”

“ತಪ್ಪಿದ್ರೆ ತಪ್ಲಿ,” ಎಂದರು ಖೈರೂನಬಿ. “ಜೊತೆಗೆ ಕೂತು ಹೆಚ್ಚೋಕೆ ನೀವ್ ಇರ್ತೀರಲ್ಲ. ಅದಕ್ಕೇ ನಿಮ್ಮನ್ನ ಕೇಳೋದು.”

ಅತ್ತೆ ಈ ಕಡೆ ತಿರುಗಿ, ಕೈ ಚಾಚಿ ಖೈರೂನಬಿಯ ತಲೆಯ ಮೇಲಿಟ್ಟರು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಕಾಫಿ ಆರಿತು.

ಇದನ್ನೆಲ್ಲ ನೆನೆಸಿಕೊಂಡು ಕೈ ತೊಳೆದು ಎದ್ದಾಗ ಹೊತ್ತು ಏರಿತ್ತು. ನಮ್ಮ ಮಹಡಿಗೆ ಈಚೆಗೆ ಬಾಡಿಗೆಗೆ ಬಂದಿರುವ ಹುಡುಗಿ ರೇಖಾ ಬಾಗಿಲು ತಟ್ಟಿದಳು. ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮುಂದಿನ ತಿಂಗಳು ಅವಳ ತಂಗಿಗೆ ಮದುವೆ. ಒಂದು ಸರ ಮಾಡಿಸಬೇಕು. ಕೈಯಲ್ಲಿ ಫೋನು, ಫೋನಿನಲ್ಲಿ ಏರುತ್ತ ಇಳಿಯುತ್ತ ಹೋದ ಒಂದು ಗೆರೆ. ಇದೇ ಗೆರೆಯನ್ನು ಅವಳು ಹದಿನೈದು ದಿನದಿಂದ ನೋಡುತ್ತಿದ್ದಾಳೆ, ನಿದ್ದೆಗೆಟ್ಟ ಕಣ್ಣು.

“ಆಂಟಿ, ಚಿನ್ನ ಈಗ್ಲೇ ತಗೊಂಡ್ಬಿಡ್ಲಾ, ಇನ್ನೂ ಸ್ವಲ್ಪ ಕಾಯ್ಲಾ? ನಂಗೆ ತಲೆನೇ ಓಡ್ತಿಲ್ಲ. ಆಮೇಲೆ ಇಳಿದ್ರೆ ಅಮ್ಮನ ಮುಂದೆ ನಾನೇ ಹೊಣೆ.”

ಐದು ಕೇಜಿ ಈರುಳ್ಳಿಯಲ್ಲಿ ಮಾನ ಕಳೆದುಕೊಂಡವಳಿಗೆ ಚಿನ್ನದ ಮಾತೇನು ಗೊತ್ತು. ನನಗೆ ತಿಳಿಯದು ಕಣಮ್ಮ, ಯಾರಾದರೂ ತಿಳಿದವರನ್ನು ಕೇಳು ಎಂಬ ಮಾತು ತುಟಿಯವರೆಗೂ ಬಂತು. ಇಷ್ಟು ವರ್ಷ ಎಲ್ಲರಿಗೂ ನಾನು ಹೇಳಿಕೊಂಡು ಬಂದಿರುವುದು ಅದನ್ನೇ. ಬಹಳ ಸುರಕ್ಷಿತವಾದ ಉತ್ತರ.

“ಏರುತ್ತೋ ಇಳಿಯುತ್ತೋ ನಂಗೂ ಗೊತ್ತಿಲ್ಲ ಕಣೇ,” ಎಂದೆ. “ಸೀರೆ ಬದಲಾಯಿಸ್ಕೊಂಡ್ ಬರ್ತೀನಿ ಇರು. ಅಂಗಡಿಗೆ ಇಬ್ರೂ ಹೋಗೋಣ. ನಿಮ್ಮಮ್ಮ ಏನಾದ್ರೂ ಅಂದ್ರೆ, ಆಂಟಿನೂ ಇದ್ರು ಅನ್ನು.”